ಹೆಸರಿಲ್ಲದ ಟರ್ನ್‌ಟೇಬಲ್ಲಿನ ಊರು ಯಾವುದು?

(ಮೈಸೂರಿನಲ್ಲಿ ಹಳೆಯ ರೆಕಾರ್ಡುಗಳ ಆಸಕ್ತರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲಿರುವ ಈ ಟರ್ನ್‌ಟೇಬಲ್ಲಿಗೆ, ಅಂದರೆ ರೆಕಾರ್ಡು ಹಾಡಿಸುವ ಯಂತ್ರಕ್ಕೆ, ಹೆಸರಿಲ್ಲ. ಮುಂಭಾಗದ ಎಡಮೂಲೆಯಲ್ಲಿ ಎರಡು ಸಣ್ಣ ತೂತುಗಳು ಕಾಣುತ್ತಿವೆಯಲ್ಲ, ಕಂಪನಿಯ ಬಿಲ್ಲೆ ಅಲ್ಲಿತ್ತು. ಯಾರೋ ಕಿತ್ತುಕೊಂಡಿದ್ದಾರೆ. ಹಿಂದಿನ ಚೀಟಿಯ ಮೇಲಿನ ಅರ್ಧ ಹರಿದಿದೆ. ಸರಸ್ವತಿಪುರಂನ ಹಳೆಯ ಮನೆಯೊಂದನ್ನು ಖಾಲಿ ಮಾಡುವಾಗ ಮಂಡಿ ಮೊಹಲ್ಲಾದ ಗುಜರಿ ಅಂಗಡಿಗೆ ಸೇರಿ, ಅಲ್ಲಿಂದ ತೂಕದ ಲೆಕ್ಕದಲ್ಲಿ ನನ್ನ ಗೆಳೆಯರೊಬ್ಬರ ಕೈಗೆ ಬಂದ ಯಂತ್ರವಿದು. ತಂದವರೇ ಕೇಳಿದ ಮೊದಲ ಪ್ರಶ್ನೆ: ‘ಇದು ಯಾವ ಕಂಪನಿಯದು?’

ಈ ಪ್ರಶ್ನೆಯನ್ನು ಮೊದಲು ಕೇಳಬಾರದು ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿರುವುದು. ಮಾರಿದವರು ಯಾರು, ಮಾಡಿದವರು ಯಾರು ಎಂಬವು ಎರಡು ಬೇರೆ ಪ್ರಶ್ನೆಗಳು. ಅವೆರಡಕ್ಕೂ ಮುಂಚೆ ಇನ್ನೊಂದಿದೆ: ಇದನ್ನು ಯಾವ ಊರಿನ ಪ್ಲಗ್ಗಿಗಾಗಿ ಮಾಡಿದರು? ಅದು ತಿಳಿದರೆ ಯಂತ್ರವನ್ನು ಹಾಡಿಸಬಹುದು. ಮಿಕ್ಕಿದ್ದು ಬಿಡುವಿದ್ದಾಗ ಹುಡುಕುವ ವಿಷಯ.

ಹೆಸರಿನ ಹುಚ್ಚಿನವರಿಗಾಗಿ ಹೆಸರಿನ ಕಥೆಯನ್ನೇ ಮೊದಲು ಮುಗಿಸಿಬಿಡುತ್ತೇನೆ. 1970ರ ದಶಕದ ಜಪಾನಿನಲ್ಲಿ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ದೊಡ್ಡ ಕಂಪನಿಗಳಲ್ಲಿ ಬಹುತೇಕ ಎಲ್ಲವೂ ಟರ್ನ್‌ಟೇಬಲ್ ಮಾರುತ್ತಿದ್ದವು. ಮಾರುವಾಗ ಮಾತ್ರ ಮನೆಮಾತಾಗಿದ್ದ ಹೆಸರನ್ನು ಬದಿಗಿಟ್ಟು ಸಂಗೀತದ ಸಾಮಾನಿಗೆಂದೇ ಬೇರೆ ಹೆಸರು ಹಚ್ಚುತ್ತಿದ್ದವರು ಅನೇಕರು. ‘ಲೋ-ಡಿ’ ಎಂಬ ಬಿಲ್ಲೆ ನೋಡಿದರೆ ಅದು ಹಿಟಾಚಿ. ‘ಡಯಾಟೋನ್’ ಎಂದಿದ್ದರೆ ಮಿತ್ಸುಬಿಷಿ ಎಲೆಕ್ಟ್ರಿಕ್. ‘ಆರೆಕ್ಸ್’ ತೋಷಿಬಾದ್ದು, ‘ಆಪ್ಟೋನಿಕಾ’ ಶಾರ್ಪ್‌ನದು, ‘ಒಟ್ಟೊ’ ಸ್ಯಾನ್ಯೊದ್ದು. ಟೆಕ್ನಿಕ್ಸ್ ಎಂಬುದು ನಮ್ಮ ಕಡೆ ‘ನ್ಯಾಷನಲ್’ ಎಂದು ಗೊತ್ತಿದ್ದ ಮತ್ಸುಶಿತಾ ಕಂಪನಿಯ ಕೂಸು. ಜಪಾನಿನಲ್ಲಿ ಟ್ರಿಯೊ ಎಂದು ಮಾರಾಟವಾದದ್ದೇ ಅಮೆರಿಕದಲ್ಲಿ ಕೆನ್‌ವುಡ್. ಜಪಾನಿನ ವಿಕ್ಟರ್ ಕಂಪನಿ ಹೊರದೇಶಗಳಲ್ಲಿ ಮೊದಲು ನಿವಿಕೊ, ಆಮೇಲೆ ಜೆವಿಸಿ. ಹಾಗಾಗಿ ಯಾರೂ ಕೇಳಿರದ ಹೆಸರಿನ ಯಂತ್ರ ಸಿಕ್ಕಿತೆಂದು ಹಿಗ್ಗುವ ಮೊದಲು, ಕೇಳಿದ ಕಂಪನಿಯ ಕೇಳದ ಹೆಸರು ಇದಾಗಿರಬಹುದೇ ಎಂದು ನೋಡುವುದು ಒಳ್ಳೆಯದು.

ಮಾದರಿಯ ಸಂಖ್ಯೆ ಉಳಿದಿದ್ದರೆ ಅದರ ಮೊದಲೆರಡು ಅಕ್ಷರಗಳೇ ಮನೆತನ ಹೇಳುತ್ತವೆ. ಪಿಎಲ್ ಎಂದರೆ ಪಯೋನಿಯರ್, ಎಸ್‌ಎಲ್ ಎಂದರೆ ಟೆಕ್ನಿಕ್ಸ್, ಡಿಪಿ ಡೆನಾನ್, ಪಿಎಸ್ ಸೋನಿ, ವೈಪಿ ಯಮಾಹಾ.

ಇನ್ನು ಮಾಡಿದವರ ವಿಚಾರ. ಸೀರೆಯಂಗಡಿಯ ಚೀಟಿ ಅಂಗಡಿಯವರದು, ನೇಯ್ದ ಕೈ ಬೇರೆ. ಇಲ್ಲಿಯೂ ಅದೇ ನಡೆದಿದೆ. ಸಿಇಸಿ ಎಂದು ಕರೆಸಿಕೊಳ್ಳುವ ಚುಒ ಡೆಂಕಿ ಎಂಬ ಕಂಪನಿ 1954ರಿಂದ ಇದೆ. ತನ್ನ ಹೆಸರಿನಲ್ಲಿ ಮಾರಿದ್ದಕ್ಕಿಂತ ಬೇರೆಯವರ ಹೆಸರಿಗೆ ಮಾಡಿಕೊಟ್ಟಿದ್ದರಿಂದಲೇ ಈ ಲೋಕದಲ್ಲಿ ಅದಕ್ಕೆ ಖ್ಯಾತಿ. ಮೈಕ್ರೊ ಸೀಕಿ ಕೂಡ ಹಾಗೆಯೇ. ಲಕ್ಸ್‌ಮನ್ ಹೆಸರಿನ ಕೆಲವು ಬೆಲೆಬಾಳುವ ಟರ್ನ್‌ಟೇಬಲ್‌ಗಳು ಹುಟ್ಟಿದ್ದು ಅದರ ಕಾರ್ಖಾನೆಯಲ್ಲಿ. ಮುಳ್ಳನ್ನು ಹೊತ್ತ ಉದ್ದನೆಯ ತೋಳನ್ನು ಮಾಡುತ್ತಿದ್ದ ಜೆಲ್ಕೊ ಎಂಬವರಿದ್ದರು. 2020ರಲ್ಲಿ ಬಾಗಿಲು ಹಾಕುವವರೆಗೂ ಅವರ ತೋಳುಗಳು ಎಷ್ಟೋ ಕಂಪನಿಗಳ ಯಂತ್ರಗಳ ಮೇಲೆ ಕುಳಿತಿದ್ದವು. ಒಂದೇ ಪೆಟ್ಟಿಗೆಯ ಮೋಟರು ಒಬ್ಬರದು, ತೋಳು ಇನ್ನೊಬ್ಬರದು, ಬಿಲ್ಲೆ ಮೂರನೆಯವರದು ಆಗಿರುವುದು ಸಾಮಾನ್ಯ. ‘ಯಾವ ಕಂಪನಿಯದು’ ಎಂದರೆ ಯಾರ ಹೆಸರು ಹೇಳುವುದು?

ಒಂದು ಎಚ್ಚರಿಕೆ. ತೋಳಿನ ತುದಿಯಲ್ಲಿರುವ ತಲೆಯ ಮೇಲೆ ಕಾಣುವ ಹೆಸರನ್ನು ನಂಬಬೇಡಿ. ಜಪಾನಿನವರು ಇಂಗ್ಲೆಂಡಿನ ಎಸ್‌ಎಂಇ ಕಂಪನಿಯ ಪದ್ಧತಿಯನ್ನು ಅನುಸರಿಸಿದರು. ಒಂದು ಬಳೆಯಂಥ ನಟ್ ತಿರುಗಿಸಿದರೆ ತಲೆ ಕಳಚಿ ಬರುತ್ತದೆ, ಬೇರೆ ಯಾರದೋ ತಲೆ ಅಲ್ಲಿ ಕೂರುತ್ತದೆ. ಈ ಯಂತ್ರದ ತಲೆಯ ಮೇಲೆ ‘ಆಡಿಯೊ-ಟೆಕ್ನಿಕಾ’ ಎಂದಿದೆ. ಗುಜರಿಯವರು ಯಂತ್ರವನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ತಲೆ ಹಿಂದಿನ ಯಜಮಾನರು ಕೊಂಡು ಹಾಕಿದ್ದು, ಅಷ್ಟೆ.

ಈಗ ಕೆಲಸಕ್ಕೆ ಬರೋಣ. ಮೇಲಿನ ರಬ್ಬರ್ ಹಾಸನ್ನು ತೆಗೆದು, ಅಲ್ಯುಮಿನಿಯಂ ತಟ್ಟೆಯನ್ನು ಎರಡು ಕೈಗಳಿಂದ ನೇರವಾಗಿ ಮೇಲಕ್ಕೆ ಎತ್ತುತ್ತೇನೆ. ಯಂತ್ರದ ಪರಿಚಯ ಆಗುವುದು ಇಲ್ಲಿಯೇ. ತಟ್ಟೆಯ ಅಡಿಯಲ್ಲಿ ದೊಡ್ಡ ಅಯಸ್ಕಾಂತದ ಬಳೆ ಅಂಟಿಕೊಂಡಿದ್ದರೆ, ತಟ್ಟೆಯೇ ಮೋಟರಿನ ಅರ್ಧ ಭಾಗ ಎಂದರ್ಥ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಹಾಗಿದೆ. ಬೆಲ್ಟ್ ಇಲ್ಲದೆ ಮೋಟರಿನಿಂದಲೇ ನೇರವಾಗಿ ತಟ್ಟೆ ತಿರುಗಿಸುವ ಪದ್ಧತಿಗೆ ದಾರಿ ತೆರೆದದ್ದೂ ಅದೇ ಕಂಪನಿ, 1970ರಲ್ಲಿ ಮಾರುಕಟ್ಟೆಗೆ ಬಂದ ಎಸ್‌ಪಿ-10 ಮೂಲಕ. ತಟ್ಟೆಯ ಒಳಅಂಚಿನ ಪಕ್ಕದಲ್ಲಿ ಕ್ಯಾಸೆಟ್ ಪ್ಲೇಯರಿನ ಹೆಡ್ಡಿನಂಥ ಪುಟ್ಟ ಹೆಡ್ ನಿಂತಿದ್ದರೆ ಅದು ಬಹುಮಟ್ಟಿಗೆ ಡೆನಾನ್ ಅಥವಾ ಸೋನಿ. ಅಂಚಿನ ಮೇಲೆ ಕಣ್ಣಿಗೆ ಕಾಣದ ಕಾಂತೀಯ ಗುರುತುಗಳನ್ನು ಬರೆದಿರುತ್ತಾರೆ, ಹೆಡ್ ಅವನ್ನು ಓದಿ ವೇಗ ತಿದ್ದುತ್ತದೆ. ಇಂಥ ಯಂತ್ರದ ಬಿಲ್ಲೆ ಹೋಗಿದ್ದರೂ ಚಿಂತೆಯಿಲ್ಲ.

ನಮ್ಮದರಲ್ಲಿ ಇವೇನೂ ಇಲ್ಲ. ತಟ್ಟೆಯ ಕೆಳಗೆ ಒಂದು ಒಳರಿಮ್ಮು ಇದೆ, ಪಕ್ಕದಲ್ಲಿ ಮೋಟರಿನ ದಂಡದ ಮೇಲೆ ಹಿತ್ತಾಳೆಯ ಪುಲ್ಲಿ, ಎರಡಕ್ಕೂ ಸುತ್ತು ಹಾಕಿ ಕೊನೆಗೆ ಟಾರಿನಂತೆ ಕರಗಿಹೋದ ಒಂದು ರಬ್ಬರ್ ಬೆಲ್ಟ್. ಪುಲ್ಲಿಗೆ ಎರಡು ಮೆಟ್ಟಿಲು: ಸಣ್ಣದು ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ, ದೊಡ್ಡದು 45ಕ್ಕೆ. ಮಧ್ಯಮ ವರ್ಗದ ಮನೆಗೆಂದು ಮಾಡಿದ, ಆಡಂಬರವಿಲ್ಲದ ಯಂತ್ರ. ನನಗಂತೂ ಇಂಥವೇ ಇಷ್ಟ. ಕೆಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ.

ಹಿಂದಿನ ಚೀಟಿಯ ಉಳಿದರ್ಧದಲ್ಲಿ ‘100 ವೋಲ್ಟ್, 50/60 ಹರ್ಟ್ಸ್’ ಎಂದಿದೆ. ಪಕ್ಕದಲ್ಲಿ ತಲೆಕೆಳಗಾದ ತ್ರಿಕೋನ, ಅದರೊಳಗೆ ಎರಡು ಅಡ್ಡಗೆರೆ, ಅವುಗಳ ನಡುವಿನಿಂದ ಕೆಳಗಿಳಿದ ಒಂದು ಉದ್ದಗೆರೆ. ಈ ಗೆರೆಗಳು ಜಪಾನಿನ ಅಂಚೆ ಚಿಹ್ನೆ. ತ್ರಿಕೋನದೊಳಗೆ ಬಂದರೆ ಅದು ಅಲ್ಲಿನ ಎಲೆಕ್ಟ್ರಿಕ್ ಸಾಮಾನಿನ ಸುರಕ್ಷತಾ ಮುದ್ರೆ. 2001ರಲ್ಲಿ ‘ಪಿಎಸ್‌ಇ’ ಎಂಬ ಹೊಸ ಮುದ್ರೆ ಬಂದು ಇದು ಹಿಂದೆ ಸರಿಯಿತು. 100 ವೋಲ್ಟ್, ತ್ರಿಕೋನ ಎರಡೂ ಸೇರಿದರೆ ಅರ್ಥ ಒಂದೇ: ಈ ಯಂತ್ರವನ್ನು ಜಪಾನಿನವರು ಜಪಾನಿನವರಿಗಾಗಿಯೇ ಮಾಡಿದ್ದು.

ಇದು ನಮ್ಮ ಊರಿನ ಮಟ್ಟಿಗೆ ಅಪರೂಪ. 1991ಕ್ಕೆ ಮುಂಚಿನ ಆಮದು ನಿರ್ಬಂಧದ ಕಾಲದಲ್ಲಿ ಮೈಸೂರಿಗೆ ಬಂದ ಜಪಾನಿ ಸಾಮಾನಿನ ಬಹುಪಾಲು ಕೊಲ್ಲಿ ದೇಶಗಳಿಂದಲೋ ಸಿಂಗಪುರದಿಂದಲೋ ಯಾರದೋ ಸೂಟ್‌ಕೇಸಿನ ಜೊತೆ ಬಂದದ್ದು. ಅಂಥವುಗಳ ಬೆನ್ನಿನ ಮೇಲೆ 110, 120, 220, 240 ಎಂದು ತಿರುಗಿಸಿ ಆಯ್ದುಕೊಳ್ಳುವ ವೋಲ್ಟೇಜ್ ಗುಂಡಿ ಇರುತ್ತದೆ. ಆ ಗುಂಡಿ ಕಂಡರೆ ಹೊರದೇಶದ ಮಾರುಕಟ್ಟೆಗೆ ಮಾಡಿದ್ದೆಂದು ತಿಳಿಯಿರಿ. 120 ವೋಲ್ಟ್ ಮಾತ್ರ ಬರೆದು ಪಕ್ಕದಲ್ಲಿ ಯುಎಲ್ ಎಂಬ ಸುರಕ್ಷತಾ ಮುದ್ರೆ ಇದ್ದರೆ ಅಮೆರಿಕದ್ದು. ನಮ್ಮದು ಇವೆರಡೂ ಅಲ್ಲ. ಆ ಮನೆಯ ಯಜಮಾನರು ಕೆಲಸದ ಮೇಲೆ ಜಪಾನಿನಲ್ಲಿದ್ದು ಬಂದವರು ಎಂದು ಆಮೇಲೆ ತಿಳಿಯಿತು. ಯಂತ್ರ ಅದನ್ನು ಮೊದಲೇ ಹೇಳಿತ್ತು.

ಕಾಲ ಯಾವುದು? ತಳದ ಹಲಗೆ ಬಿಚ್ಚಿದಾಗ ಒಳಗೆ ತಪಾಸಣೆಯವರ ಪುಟ್ಟ ಮುದ್ರೆ ಸಿಕ್ಕಿತು: 49.11. ಇದನ್ನು 1949 ಎಂದು ಓದಿ ‘ಎಪ್ಪತ್ತೈದು ವರ್ಷ ಹಳೆಯದು’ ಎಂದು ಮಾರುವವರಿದ್ದಾರೆ. ತೋಳಿನಿಂದ ಬರುವ ತಂತಿಗಳನ್ನು ನೋಡಿ: ಕೆಂಪು, ಹಸಿರು ಬಲಕ್ಕೆ, ಬಿಳಿ, ನೀಲಿ ಎಡಕ್ಕೆ. ನಾಲ್ಕು ತಂತಿ ಇದ್ದರೆ ಸ್ಟೀರಿಯೊ. ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದದ್ದೇ 1950ರ ದಶಕದ ಕೊನೆಗೆ. ಆದ್ದರಿಂದ 49 ಎಂಬುದು ಕ್ರಿಸ್ತಶಕವಲ್ಲ, ಚಕ್ರವರ್ತಿ ಹಿರೊಹಿತೊ ಅವರ ಷೋವಾ ಶಕ. ಆ ಸಂಖ್ಯೆಗೆ 1925 ಕೂಡಿಸಬೇಕು. 1974, ನವೆಂಬರ್. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕ ನೋಡಿ ಅಭ್ಯಾಸವಿರುವವರಿಗೆ ಇದು ಕಷ್ಟವಾಗಬಾರದು.

ಇಷ್ಟು ತಿಳಿದ ಮೇಲೂ ಯಂತ್ರ ಸರಿಯಾಗಿ ಹಾಡಲಿಲ್ಲ. ಸರಸ್ವತಿಪುರಂನ ಮನೆಯವರು ಅದಕ್ಕೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದರು, ಅದೂ ಜೊತೆಗೇ ಬಂದಿತ್ತು. ತಾತ್ಕಾಲಿಕವಾಗಿ ಒಂದು ಬೆಲ್ಟ್ ಹಾಕಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ರೆಕಾರ್ಡು ಇಟ್ಟೆವು. ವೀಣೆಗೆ ನಿದ್ದೆ ಬಂದಂತಿತ್ತು. ಗಾಯಕಿಯೊಬ್ಬರ ರೆಕಾರ್ಡು ಇಟ್ಟರೆ ಗಂಡು ಕಂಠ. ‘ಯಂತ್ರಕ್ಕೆ ವಯಸ್ಸಾಯಿತು, ಮೋಟರು ಸೋತಿದೆ’ ಎಂದರು ಗೆಳೆಯರು. ಆ ಮನೆಯವರೂ ವರ್ಷಗಟ್ಟಲೆ ಹಾಗೆಯೇ ಅಂದುಕೊಂಡಿದ್ದರಂತೆ.

ಮೋಟರು ಸೋತಿರಲಿಲ್ಲ. ಈ ಬಗೆಯ ಸಿಂಕ್ರೊನಸ್ ಮೋಟರು ವೋಲ್ಟೇಜನ್ನು ನೋಡಿ ಓಡುವುದಿಲ್ಲ, ಕರೆಂಟಿನ ಆವರ್ತನವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಅಲೆಯುತ್ತದೆ ಎಂಬುದನ್ನು, ನೋಡಿ ಓಡುತ್ತದೆ. ಅದರ ಅಳತೆಯೇ ಹರ್ಟ್ಸ್. ನಾಲ್ಕು ಪೋಲಿನ (ಕಾಂತಧ್ರುವದ) ಮೋಟರು 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1500 ಸುತ್ತು, 60 ಹರ್ಟ್ಸ್‌ನಲ್ಲಿ 1800 ಸುತ್ತು ತಿರುಗುತ್ತದೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಮೈಸೂರಿನ ಕರೆಂಟು 50. ಜಪಾನಿನದು?

ಜಪಾನಿನಲ್ಲಿ ಎರಡೂ ಇವೆ. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯ ಎಇಜಿ ಕಂಪನಿಯಿಂದ 50 ಹರ್ಟ್ಸ್‌ನ ಜನರೇಟರ್ ತರಿಸಿದರು. ಒಸಾಕಾದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ 60ರದು ತರಿಸಿದರು. (ಕೆಲವೇ ವರ್ಷಗಳ ನಂತರ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಜನರೇಟರುಗಳೂ ಜನರಲ್ ಎಲೆಕ್ಟ್ರಿಕ್‌ನವೇ.) ಅಂದು ಬೇರೆಯಾದ ದಾರಿಗಳು ಇಂದಿಗೂ ಕೂಡಿಲ್ಲ. ಫುಜಿ ನದಿಯಿಂದ ಇತೊಯಿಗಾವಾ ಊರಿನವರೆಗೆ ಎಳೆದ ಗೆರೆಯ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ಆದ್ದರಿಂದಲೇ ಚೀಟಿಯಲ್ಲಿ ‘50/60’ ಎಂದಿರುವುದು. ಮೋಟರು ಎರಡರಲ್ಲೂ ಓಡುತ್ತದೆ, ಆದರೆ ಪುಲ್ಲಿ ಬೇರೆ ಬೇರೆ. ಮನೆ ಟೋಕಿಯೊದಿಂದ ಒಸಾಕಾಕ್ಕೆ ಬದಲಾದರೆ ಪುಲ್ಲಿಯನ್ನೂ ಬದಲಾಯಿಸಿಕೊಳ್ಳಬೇಕಿತ್ತು.

60ರ ಪುಲ್ಲಿಯನ್ನು 50ರಲ್ಲಿ ಓಡಿಸಿದರೆ 33⅓ ಇರಬೇಕಾದ ವೇಗ 27.8ಕ್ಕೆ ಇಳಿಯುತ್ತದೆ. ಐದು ನಿಮಿಷದ ಕೀರ್ತನೆ ಆರು ನಿಮಿಷ ಹಿಡಿಯುತ್ತದೆ. ಶ್ರುತಿ ಆರಕ್ಕೆ ಐದರ ಪ್ರಮಾಣದಲ್ಲಿ ಕುಸಿಯುತ್ತದೆ. ಸಂಗೀತ ಕಲಿತವರು ಇಲ್ಲಿ ತಲೆಯಾಡಿಸುತ್ತಿರುವುದು ಕಾಣುತ್ತಿದೆ. ಹೌದು, ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಪ್ರಮಾಣವೇ ಅದು. ರೆಕಾರ್ಡಿನಲ್ಲಿರುವ ಷಡ್ಜ ಎಲ್ಲಿರಬೇಕು ಎಂದು ನಿಮಗೆ ಗೊತ್ತಿದ್ದರೆ, ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿ. ಸರಿಯಾಗಿ ಮೂರು ಸ್ವರಸ್ಥಾನ ಕೆಳಗಿದ್ದರೆ ಯಂತ್ರ 60 ಹರ್ಟ್ಸ್‌ನ ಊರಿನಿಂದ ಬಂದದ್ದು. ಮೋಟರು ಸೋತಿದ್ದರೆ, ಬೆಲ್ಟ್ ಸಡಿಲವಾಗಿದ್ದರೆ ಶ್ರುತಿ ಅಲೆಯುತ್ತದೆ, ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಅಚ್ಚುಕಟ್ಟಾಗಿ ಸಾಧಾರಣ ಗಾಂಧಾರದಷ್ಟೇ ಇಳಿದು ಅಲ್ಲೇ ಸ್ಥಿರವಾಗಿ ನಿಲ್ಲುವ ರೋಗ ಇದೊಂದೇ.

ಕಿವಿಯ ಮೇಲೆ ನಂಬಿಕೆಯಿಲ್ಲದವರಿಗೆ ಗಡಿಯಾರವಿದೆ. 33⅓ ಎಂದರೆ ಮೂರು ನಿಮಿಷಕ್ಕೆ ನೂರು ಸುತ್ತು. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಮೊಬೈಲಿನಲ್ಲಿ ಮೂರು ನಿಮಿಷ ಇಟ್ಟು ಎಣಿಸಿ. ನಮ್ಮದು ಎಂಬತ್ತಮೂರು ಸುತ್ತಿಗೆ ನಿಂತಿತು. ನೂರರ ಆರು ಪಾಲಿನಲ್ಲಿ ಐದು ಪಾಲು ಅಷ್ಟೇ ತಾನೆ.

ಮೂರನೆಯ ಸಾಕ್ಷಿ ಅಳತೆಯದು. ಮೋಟರಿನ ಮೈಮೇಲೆ ‘4ಪಿ’ ಎಂದಿತ್ತು, ಅಂದರೆ ನಾಲ್ಕು ಪೋಲು. 1500 ಸುತ್ತನ್ನು 33⅓ಕ್ಕೆ ಇಳಿಸಲು 45ಕ್ಕೆ ಒಂದರ ಪ್ರಮಾಣ ಬೇಕು; 1800ನ್ನು ಇಳಿಸಲು 54ಕ್ಕೆ ಒಂದು. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದಾಗ ಒಳರಿಮ್ಮಿನ ವ್ಯಾಸ 215.5 ಮಿಲಿಮೀಟರ್, ಪುಲ್ಲಿಯ ಸಣ್ಣ ಮೆಟ್ಟಿಲು 3.5. ಬೆಲ್ಟಿನ ದಪ್ಪ ಅರ್ಧ ಮಿಲಿಮೀಟರ್. ಅದನ್ನು ಎರಡೂ ವ್ಯಾಸಗಳಿಗೆ ಕೂಡಿಸಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. 216ನ್ನು 4ರಿಂದ ಭಾಗಿಸಿ: 54. ಪಶ್ಚಿಮ ಜಪಾನು! ನಮ್ಮ ಕರೆಂಟಿಗೆ ಹೊಂದುವ ಪುಲ್ಲಿ 4.3 ಮಿಲಿಮೀಟರ್ ಇರಬೇಕಿತ್ತು. ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲಿನ ವ್ಯತ್ಯಾಸ ಗಾಯಕಿಯನ್ನು ಗಾಯಕನನ್ನಾಗಿ ಮಾಡಿತ್ತು.

ಹೊಸ ಪುಲ್ಲಿಯನ್ನು ಮೇಟಗಳ್ಳಿ ಕಡೆಯ ಲೇತ್ ಕೆಲಸದವರೊಬ್ಬರು ಹಿತ್ತಾಳೆ ಸರಳಿನಿಂದ ಕಡೆದುಕೊಟ್ಟರು. ಸಣ್ಣ ಮೆಟ್ಟಿಲು 4.3, ದೊಡ್ಡದು 6 ಮಿಲಿಮೀಟರ್. ಪ್ರತಿ ಮೆಟ್ಟಿಲಿನ ನಡುಭಾಗ ಕೂದಲೆಳೆಯಷ್ಟು ಉಬ್ಬಿರಬೇಕು ಎಂದು ಹೇಳಿದಾಗ ಅವರು ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

‘ಹೊಟ್ಟೆ ಯಾಕೆ ಸಾರ್? ನೇರವಾಗಿ ಕಡೆದರೆ ಕೆಲಸವೂ ಸುಲಭ, ನೋಡುವುದಕ್ಕೂ ಚೆನ್ನ.’

‘ನೇರವಾಗಿದ್ದರೆ ಬೆಲ್ಟ್ ಜಾರಿ ಕೆಳಗೆ ಬೀಳುತ್ತದೆ. ಬೆಲ್ಟು ಯಾವಾಗಲೂ ದಪ್ಪ ಇರುವ ಕಡೆಗೆ ಹತ್ತುತ್ತದೆ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು. ‘ನಮ್ಮೂರ ಹಿಟ್ಟಿನ ಗಿರಣಿಯ ಚಕ್ರಕ್ಕೂ ಹೊಟ್ಟೆ ಇತ್ತು. ಸವೆದು ಹಾಗಾಗಿದೆ ಎಂದುಕೊಂಡಿದ್ದೆ.’ ಆಮೇಲೆ ಅವರು ತೋರಿಸಿದ ಶ್ರದ್ಧೆಗೆ ನಾನು ಹಣ ಕೊಟ್ಟದ್ದು ಕಡಿಮೆಯೇ. ಒಳಗಿನ ತೂತು ಮೋಟರಿನ ದಂಡಕ್ಕೆ ಅಲುಗಾಡದಂತೆ ಕೂರುವವರೆಗೆ ಬಿಡಲಿಲ್ಲ. ತೂತು ಕೇಂದ್ರದಿಂದ ತುಸು ಸರಿದಿದ್ದರೂ ಪ್ರತಿ ಸುತ್ತಿಗೂ ವೇಗ ಏರಿಳಿದು, ಎಳೆದು ಹಿಡಿದ ಸ್ವರ ನಡುಗುತ್ತದೆ. ವೀಣೆಯಲ್ಲಿ ಅದು ಗಮಕದ ಹಾಗೆ ಕೇಳಿ ಮೋಸ ಮಾಡೀತು. ಪಿಟೀಲಿನ ರೆಕಾರ್ಡು ಹಾಕಿ ಪರೀಕ್ಷಿಸಿ.

ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ಸಿಗುವುದು ಅಮೆರಿಕದ ಸಾಮಾನಿಗೆಂದು ಮಾಡಿದ 110 ವೋಲ್ಟಿನದು. ಸಂಜೆ ನಮ್ಮ ಬೀದಿಯಲ್ಲಿ ವೋಲ್ಟೇಜ್ ಏರಿದರೆ ಅದು ಇನ್ನೂ ಮೇಲೆ ಹೋಗುತ್ತದೆ, ಮೋಟರು ಬಿಸಿಯಾಗಿ ಗುಂಯ್‌ಗುಡುತ್ತದೆ. 230ರಿಂದ 100ಕ್ಕೆಂದೇ ಸುತ್ತಿಸಿಕೊಳ್ಳಿ. ಇಂಥ ಪುಟ್ಟ ಮೋಟರಿಗೆ ಅತಿ ಚಿಕ್ಕದೇ ಸಾಕು.

ಮಾತು ಮುಗಿಸಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ತಟ್ಟೆಯ ಅಂಚಿನಲ್ಲಿ ಚುಕ್ಕಿಗಳ ಸಾಲಿರುವ ಯಂತ್ರಗಳ ಬಗ್ಗೆ ಒಬ್ಬರು ಕೇಳಿದರು. ಆ ಚುಕ್ಕಿಗಳೂ ಊರನ್ನು ಹೇಳುತ್ತವೆ. ಕರೆಂಟಿನ ದೀಪ ಸೆಕೆಂಡಿಗೆ ಆವರ್ತನದ ಎರಡರಷ್ಟು ಸಲ ಮಿನುಗುವುದರಿಂದ, 33⅓ ವೇಗಕ್ಕೆ 50 ಹರ್ಟ್ಸ್‌ನಲ್ಲಿ 180 ಚುಕ್ಕಿ, 60ರಲ್ಲಿ 216 ಚುಕ್ಕಿ ನಿಂತಂತೆ ಕಾಣುತ್ತವೆ. 33⅓ಕ್ಕೆ 216ರ ಸಾಲೊಂದೇ ಇದ್ದರೆ ಯಂತ್ರ ಮಾಡಿದ್ದು 60ರ ಊರಿಗೆ. ಎರಡೂ ಸಾಲಿದ್ದರೆ ಎರಡೂ ಕಡೆಗೆ. ಈಗಿನ ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ನೋಡಿ ಗೊಂದಲ ಮಾಡಿಕೊಳ್ಳಬೇಡಿ, ಬಹಳಷ್ಟು ಎಲ್‌ಇಡಿಗಳು ಹಾಗೆ ಮಿನುಗುವುದಿಲ್ಲ. ಯಂತ್ರದ್ದೇ ನಿಯಾನ್ ದೀಪವಾದರೆ ಸರಿ.

ಇನ್ನೊಬ್ಬರು, ಅರಮನೆಯ ರೆಕಾರ್ಡು ಸಂಗ್ರಹದ ಕಥೆಗಳನ್ನು ಕೇಳಿ ಬೆಳೆದ ಹಿರಿಯರು, ತುಸು ಬೇಸರದಿಂದಲೇ ಎದ್ದರು. ಜಯಚಾಮರಾಜೇಂದ್ರ ಒಡೆಯರು ರಷ್ಯದ ಮೆಡ್ಟ್‌ನರ್ ಎಂಬ ಸಂಗೀತಗಾರನ ಕೃತಿಗಳನ್ನು ಎಚ್‌ಎಂವಿಯಲ್ಲಿ ರೆಕಾರ್ಡು ಮಾಡಿಸಲು ಹಣ ಕೊಟ್ಟವರು. ಆತ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ‘ಅಂಥ ಊರಿನಲ್ಲಿ ಕೊನೆಗೂ ಈ ಯಂತ್ರದ ಕಂಪನಿ ಯಾವುದೆಂದು ಹೇಳಲೇ ಇಲ್ಲವಲ್ಲ ಸ್ವಾಮಿ?’ ಎಂದರು.

ಹೇಳಲಿಲ್ಲ, ನಿಜ. ಬಿಲ್ಲೆ ಯಾರದಾಗಿದ್ದರೂ ಬೆಲ್ಟಿನ ಅಳತೆ ಬದಲಾಗುತ್ತಿರಲಿಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಯಂತ್ರದ ತಳದ ಹಲಗೆಯ ಒಳಮೈಗೆ ನಾನು ಒಂದು ಚೀಟಿ ಅಂಟಿಸಿದ್ದೇನೆ: 1974 ನವೆಂಬರ್, ಪಶ್ಚಿಮ ಜಪಾನ್, 100 ವೋಲ್ಟ್, ಈಗ 50ರ ಪುಲ್ಲಿ, ಬೆಲ್ಟಿನ ಅಳತೆ ಇಷ್ಟು. ಪಕ್ಕದಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ 3.5ರ ಪುಲ್ಲಿಯನ್ನೂ ಕಟ್ಟಿಟ್ಟಿದ್ದೇನೆ. ಗೆಳೆಯರ ಮೊಮ್ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ, ಈ ಯಂತ್ರದ ಮೇಲೆ ಅವಳ ಕಣ್ಣಿದೆ. ಅಲ್ಲಿಯದು 60.